ಹಳೆಯ ಪೆಟ್ರೋಲ್ ಟ್ರ್ಯಾಕ್ಟರ್ ಭಾರ ಎಳೆಯುವಾಗ ಮಿಸ್ಸಿಂಗ್ ಆಗುತ್ತಿದೆ. ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಬೇಕೇ?

ತಮ್ಮ ಪ್ರಶ್ನೆಯ ಸಾರಾಂಶ ಇಷ್ಟು: ಭಾಲ್ಕಿ ಕಡೆಯ ತಮ್ಮ ಊರಿನಲ್ಲಿ ಅಜ್ಜನವರ ಕಾಲದ ಫರ್ಗುಸನ್ ಟಿಇಎ-20 ಪೆಟ್ರೋಲ್ ಟ್ರ್ಯಾಕ್ಟರ್ ಇದೆ. ಹಳೆಯ ಡೈನಮೋ ತೆಗೆಸಿ ಕಾರಿನ ಆಲ್ಟರ್ನೇಟರ್ ಕೂರಿಸಿದ್ದೀರಿ, ಬ್ಯಾಟರಿ 12 ವೋಲ್ಟಿನದು. ಖಾಲಿ ಓಡುವಾಗ ಯಾವ ತಕರಾರೂ ಇಲ್ಲ. ಆದರೆ ಜಾತ್ರೆಯಲ್ಲಿ ಭಾರ ಎಳೆಯುವ ಸ್ಪರ್ಧೆಗೆಂದು ಮರಳು ತುಂಬಿದ ಟ್ರೇಲರ್ ಕಟ್ಟಿ ಪೂರ್ತಿ ರೇಸ್ ಕೊಟ್ಟ ಕೂಡಲೇ ಎಂಜಿನ್ ಮಿಸ್ಸಿಂಗ್ ಆಗುತ್ತದೆ, ಅಂದರೆ ನಡುನಡುವೆ ಉರಿ ತಪ್ಪಿ ಮುಗ್ಗರಿಸುತ್ತದೆ. ಒಬ್ಬ ಮಿಸ್ತ್ರಿ ಮ್ಯಾಗ್ನೆಟೊ (ಬ್ಯಾಟರಿ ಇಲ್ಲದೆ ಮ್ಯಾಗ್ನೆಟ್ಟಿನಿಂದಲೇ ಕಿಡಿ ಹುಟ್ಟಿಸುವ ಸಾಧನ) ಹಾಕಿಸಿ ಎಂದಿದ್ದಾರೆ, ಇನ್ನೊಬ್ಬರು 40,000 ವೋಲ್ಟಿನ ಕಾಯಿಲ್ (ಬ್ಯಾಟರಿಯ ವೋಲ್ಟೇಜನ್ನು ಕಿಡಿಗೆ ಬೇಕಾದಷ್ಟು ಏರಿಸುವ ಸುರುಳಿ) ಹಾಕಿಸಿ ಎಂದಿದ್ದಾರೆ, ತಮಗೆ ಮಾತ್ರ ಕಿಡಿಯ ಹೊತ್ತನ್ನು ಸೆನ್ಸರಿನಿಂದ ನಡೆಸುವ ಎಲೆಕ್ಟ್ರಾನಿಕ್ ಕಿಟ್ ಮೇಲೆ ಮನಸ್ಸಿದೆ.

ಕಿಟ್ ಹಾಕಿಸಿ, ಆದರೆ ಎಲ್ಲಕ್ಕಿಂತ ಕೊನೆಗೆ ಹಾಕಿಸಿ. ಅದಕ್ಕೂ ಮೊದಲು ಕಾಯಿಲಿನ ಎರಡು ತಂತಿಗಳನ್ನೂ ಡಿಸ್ಟ್ರಿಬ್ಯೂಟರಿನ (ಕಿಡಿಯನ್ನು ಸರದಿಯಂತೆ ಪ್ಲಗ್ಗುಗಳಿಗೆ ಹಂಚುವ ಭಾಗದ) ಶಾಫ್ಟನ್ನೂ ನೋಡಿಸಿ. ಕಲಬುರಗಿಯಲ್ಲಿ ಹಳೆಯ ಜೀಪು, ಅಂಬಾಸಡರ್‌ಗಳ ಕೆಲಸ ಮಾಡಿಕೊಂಡು ಬಂದವನಾಗಿ ನಾನು ಹೇಳಬಲ್ಲೆ: ಖಾಲಿ ಇದ್ದಾಗ ಸರಿಯಾಗಿ ಓಡಿ ಭಾರದಲ್ಲಿ ಮಾತ್ರ ಕೈಕೊಡುವ ಇಗ್ನಿಷನ್ನಿನಲ್ಲಿ ಕಿಡಿಯನ್ನು ಹುಟ್ಟಿಸುವ ಭಾಗಕ್ಕಿಂತ ಅದನ್ನು ಪ್ಲಗ್ಗಿನವರೆಗೆ ಸಾಗಿಸುವ ಭಾಗವೇ ಹೆಚ್ಚಾಗಿ ಕೆಟ್ಟಿರುತ್ತದೆ.

ಕಾರಣವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ರೇಸ್ ಕಡಿಮೆ ಇದ್ದಾಗ ಸಿಲಿಂಡರಿಗೆ ಹೋಗುವ ಪೆಟ್ರೋಲು-ಗಾಳಿಯ ಮಿಶ್ರಣ ಸ್ವಲ್ಪವೇ ಆದ್ದರಿಂದ ಕಿಡಿ ಹಾರುವ ಗಳಿಗೆಯಲ್ಲಿ ಒಳಗಿನ ಒತ್ತಡವೂ ಕಡಿಮೆ ಇರುತ್ತದೆ. ಥ್ರಾಟಲ್ ಪೂರ್ತಿ ತೆರೆದಾಗ ಸಿಲಿಂಡರ್ ತುಂಬಿಕೊಳ್ಳುತ್ತದೆ, ಒತ್ತಡ ಏರುತ್ತದೆ, ಅದೇ ಪ್ಲಗ್ ಗ್ಯಾಪನ್ನು ದಾಟಲು ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ. ಕಾಲುವೆಯಲ್ಲಿ ನೀರು ಏರಿದಾಗ ಒಡ್ಡಿನ ಸಣ್ಣ ಬಿರುಕೇ ಮೊದಲು ಒಡೆಯುವ ಹಾಗೆ, ವೋಲ್ಟೇಜ್ ಏರಿದೊಡನೆ ವಿದ್ಯುತ್ತು ಪ್ಲಗ್ಗನ್ನು ಬಿಟ್ಟು ಡಿಸ್ಟ್ರಿಬ್ಯೂಟರಿನ ಮುಚ್ಚಳವಾದ ಕ್ಯಾಪಿನ ಬಿರುಕಿನಲ್ಲೋ, ಪ್ಲಗ್ಗಿಗೆ ಹೋಗುವ ಒಣಗಿದ ಲೀಡಿನ (ತಂತಿಯ) ಸಿಪ್ಪೆಯಲ್ಲೋ, ಒಳಗೆ ತಿರುಗುವ ರೋಟರಿನ ತಳದಲ್ಲೋ ದಾರಿ ಹುಡುಕಿಕೊಳ್ಳುತ್ತದೆ. ಇಂಥ ಗಾಡಿಗೆ 40,000 ವೋಲ್ಟಿನ ಕಾಯಿಲ್ ಕಟ್ಟಿದರೆ ಸೋರಿಕೆ ಇನ್ನಷ್ಟು ಜೋರಾಗುವುದೇ ಹೊರತು ಮಿಸ್ಸಿಂಗ್ ನಿಲ್ಲುವುದಿಲ್ಲ. ಡಬ್ಬಿಯ ಮೇಲೆ ಬರೆದ ಆ ಸಂಖ್ಯೆ ಕಾಯಿಲಿನ ಗರಿಷ್ಠ ಸಾಮರ್ಥ್ಯ ಮಾತ್ರ. ಗ್ಯಾಪ್ ದಾಟಲು ಎಷ್ಟು ಬೇಕೋ ಅಷ್ಟಕ್ಕೇ ವೋಲ್ಟೇಜ್ ಏರಿ ಕಿಡಿ ಹಾರಿಬಿಡುತ್ತದೆ.

ಪಾಯಿಂಟ್ (ಕಾಯಿಲಿನ ಕರೆಂಟನ್ನು ಕಡಿದು ಕಿಡಿ ಹಾರಿಸುವ ಸ್ವಿಚ್ಚು) ಇದ್ದರೆ ಕಾಯಿಲಿಗೆ ಕರೆಂಟು ತುಂಬಿಕೊಳ್ಳಲು ಸಮಯ ಸಾಲುವುದಿಲ್ಲ ಎಂದು ಕಿಟ್ ಪರವಾಗಿ ಹೇಳುವ ವಾದವೂ ತಮ್ಮ ಟ್ರ್ಯಾಕ್ಟರಿಗೆ ಅನ್ವಯಿಸುವುದಿಲ್ಲ. ನಾಲ್ಕು ಸಿಲಿಂಡರಿನ ಎಂಜಿನ್ 2000 ಆರ್‌ಪಿಎಂನಲ್ಲಿ ತಿರುಗಿದರೆ ನಿಮಿಷಕ್ಕೆ 4000 ಕಿಡಿ, ಅಂದರೆ ಪ್ರತಿ 15 ಮಿಲಿಸೆಕೆಂಡಿಗೆ ಒಂದು. ಅದರಲ್ಲಿ ಪಾಯಿಂಟ್ ಮುಚ್ಚಿರುವ ಅವಧಿ ಸುಮಾರು 10 ಮಿಲಿಸೆಕೆಂಡ್. 3 ಓಮ್ ಪ್ರೈಮರಿ (ಬ್ಯಾಟರಿಯ ಕರೆಂಟು ಹರಿಯುವ ಸುತ್ತು) ಇರುವ ಸಾಮಾನ್ಯ 12 ವೋಲ್ಟ್ ಕಾಯಿಲಿನಲ್ಲಿ ಕರೆಂಟು ತನ್ನ ಪೂರ್ಣ ಮಟ್ಟಕ್ಕೆ, ಅಂದರೆ 4 ಆಂಪಿಯರಿನ ಹತ್ತಿರಕ್ಕೆ, ಏರಲು ಅಷ್ಟು ಹೊತ್ತು ಸಾಕು. ಎಂಟು ಸಾವಿರ ಆರ್‌ಪಿಎಂ ತಿರುಗುವ ರೇಸ್ ಕಾರಿನವರ ಚಿಂತೆಯನ್ನು ನಾವು ಹೊತ್ತುಕೊಳ್ಳುವುದು ಬೇಡ.

ಈಗ ಕಾಯಿಲಿನ ತಂತಿಗಳಿಗೆ ಬರೋಣ, ನನ್ನ ಮೊದಲ ಸಂಶಯವೇ ಇದು. ಕೊವೆಂಟ್ರಿಯಲ್ಲಿ ತಯಾರಾದ ಈ ಟ್ರ್ಯಾಕ್ಟರುಗಳಲ್ಲಿ ಬ್ಯಾಟರಿಯ ಪ್ಲಸ್ ಕಡೆಯನ್ನು ಗಾಡಿಯ ಲೋಹದ ಮೈಗೆ ಜೋಡಿಸಿ ಅರ್ತ್ ಮಾಡಿರುತ್ತಾರೆ. ಕಾರಿನ ಆಲ್ಟರ್ನೇಟರ್ ಕೂರಿಸುವಾಗ ತಮ್ಮ ಮಿಸ್ತ್ರಿ ಮೈನಸ್ ಕಡೆಯನ್ನು ಅರ್ತ್ ಮಾಡಿರಲೇಬೇಕು, ಇಲ್ಲದಿದ್ದರೆ ಆಲ್ಟರ್ನೇಟರಿನ ಡಯೋಡುಗಳು ಅಂದೇ ಸುಟ್ಟುಹೋಗುತ್ತಿದ್ದವು. ಆದರೆ ಕಾಯಿಲಿನ ಎರಡು ತಂತಿಗಳನ್ನು ಆಗ ಅದಲುಬದಲು ಮಾಡಿದರೇ? ಬಹಳ ಜನ ಮಾಡುವುದಿಲ್ಲ, ಏಕೆಂದರೆ ಮಾಡದಿದ್ದರೂ ಗಾಡಿ ಚಾಲೂ ಆಗುತ್ತದೆ. ಪ್ಲಗ್ಗಿನ ನಡುವಿನ ಕಡ್ಡಿ ಬಿಸಿಯಾಗಿರುವುದರಿಂದ ಎಲೆಕ್ಟ್ರಾನುಗಳು ಅಲ್ಲಿಂದ ಹೊರಟರೆ ಕಿಡಿ ಸುಲಭವಾಗಿ ಹಾರುತ್ತದೆ. ಕಾಯಿಲ್ ತಿರುಗುಮುರುಗಾಗಿದ್ದರೆ ಅವು ತಣ್ಣಗಿರುವ ಹೊರಗಿನ ಕೊಕ್ಕೆಯಿಂದ ಹೊರಡಬೇಕಾಗಿ ವೋಲ್ಟೇಜ್ ಗಣನೀಯವಾಗಿ ಹೆಚ್ಚು ಬೇಕಾಗುತ್ತದೆ. ಖಾಲಿ ಓಟದಲ್ಲಿ ಈ ವ್ಯತ್ಯಾಸ ಗೊತ್ತಾಗುವುದೇ ಇಲ್ಲ, ಭಾರ ಬಿದ್ದಾಗ ಗೊತ್ತಾಗುತ್ತದೆ. ಮೈನಸ್ ಅರ್ತ್ ಇರುವ ಗಾಡಿಯಲ್ಲಿ ಕಾಯಿಲಿನ ಮೈನಸ್ ಗುರುತಿನ ಕಡೆಯಿಂದ ತಂತಿ ಡಿಸ್ಟ್ರಿಬ್ಯೂಟರಿಗೆ ಹೋಗಿರಬೇಕು, ಪ್ಲಸ್ ಗುರುತಿನ ಕಡೆಗೆ ಸ್ವಿಚ್ಚಿನ ತಂತಿ ಬಂದಿರಬೇಕು. ಐದು ನಿಮಿಷದ ಈ ಕೆಲಸದಿಂದಲೇ ತಕರಾರು ಅರ್ಧ ಇಳಿದರೆ ನನಗೆ ಆಶ್ಚರ್ಯವಾಗದು.

ಮುಂದಿನ ಪರೀಕ್ಷೆಯನ್ನು ರಾತ್ರಿ ಮಾಡಬೇಕು. ಶೆಡ್ಡಿನ ದೀಪ ಆರಿಸಿ, ಬಾನೆಟ್ ಎತ್ತಿ, ಎಂಜಿನ್ ಚಾಲೂ ಮಾಡಿ, ಕೈ ಹಚ್ಚದೆ ದೂರ ನಿಂತು ಕ್ಯಾಪು ಮತ್ತು ಲೀಡುಗಳನ್ನು ನೋಡಿ. ಸೋರಿಕೆ ಇದ್ದಲ್ಲಿ ತೆಳುವಾದ ನೀಲಿ ಎಳೆ ಮಿಣುಕುತ್ತದೆ. ಬಳಿಕ ಎಂಜಿನ್ ಆರಿಸಿ ಕ್ಯಾಪನ್ನು ಬಿಚ್ಚಿ ಒಳಮೈಯನ್ನು ಒಣಬಟ್ಟೆಯಿಂದ ಒರೆಸಿ ಬ್ಯಾಟರಿ ದೀಪದ ಬೆಳಕಿನಲ್ಲಿ ಹೊರಳಿಸಿ ನೋಡಿ. ಎರಡು ಹಿತ್ತಾಳೆ ತುದಿಗಳ ನಡುವೆ ಪೆನ್ಸಿಲಿನಿಂದ ಗೀಚಿದಂಥ ಕಪ್ಪು ಗೆರೆ ಇದ್ದು, ಒರೆಸಿದರೂ ಅದು ಹೋಗದಿದ್ದರೆ ಆ ಕ್ಯಾಪ್ ಮುಗಿಯಿತು ಎಂದೇ ತಿಳಿಯಿರಿ. ಅದು ಸುಟ್ಟು ಇದ್ದಿಲಾದ ದಾರಿ, ವಿದ್ಯುತ್ತಿಗೆ ತಂತಿಯಷ್ಟೇ ಒಳ್ಳೆಯದು. ತೊಗರಿ ರಾಶಿಯ ಹೊತ್ತಿನಲ್ಲಿ ಹಾರುವ ಸಣ್ಣ ಹೊಟ್ಟು ಮತ್ತು ಎರೆ ಮಣ್ಣಿನ ಧೂಳು ಕ್ಯಾಪಿನೊಳಗೆ ಸೇರಿ, ಮೇಲೆ ಇಬ್ಬನಿಯ ತೇವ ಹತ್ತಿದರೆ ಇಂಥ ಗೆರೆ ಬೇಗ ಮೂಡುತ್ತದೆ.

ಕ್ಯಾಪ್ ಬಿಚ್ಚಿದಾಗಲೇ ರೋಟರನ್ನು ಎರಡು ಬೆರಳಲ್ಲಿ ಹಿಡಿದು ಪಕ್ಕಕ್ಕೆ ಅಲುಗಾಡಿಸಿ. ಇಲ್ಲಿ ಪಾಯಿಂಟ್ ಗ್ಯಾಪ್ ಇರುವುದೇ 0.25ರಿಂದ 0.30 ಮಿ.ಮೀ.; ಬುಷ್ (ಶಾಫ್ಟ್ ತಿರುಗುವ ಬಳೆ) ಸವೆದು ಶಾಫ್ಟ್ 0.1 ಮಿ.ಮೀ. ಅಲುಗಿದರೂ ಗ್ಯಾಪಿನ ಮೂರನೆಯ ಒಂದು ಭಾಗ ಆಚೀಚೆ ಆದಂತೆ, ಅದರೊಂದಿಗೆ ಟೈಮಿಂಗ್ (ಕಿಡಿ ಹಾರುವ ಹೊತ್ತು) ಒಂದೊಂದು ಸಿಲಿಂಡರಿಗೆ ಒಂದೊಂದು ರೀತಿ ಆಗುತ್ತದೆ. ಕಿಟ್ ಮಾರುವವರು ಈ ವಿಷಯವನ್ನು ತೇಲಿಸಿ ಹೇಳುತ್ತಾರೆ. ಮ್ಯಾಗ್ನೆಟ್ ಹಾದುಹೋಗುವುದನ್ನು ಗುರುತಿಸುವ ಹಾಲ್ ಸೆನ್ಸರ್ ಕಿಟ್ಟಿಗೆ ಗ್ಯಾಪಿನ ಹಂಗು ಕಡಿಮೆ ಎನ್ನುವುದು ನಿಜ, ಆದರೆ ಅಲುಗುವ ಶಾಫ್ಟಿನ ಮೇಲಿನ ಮ್ಯಾಗ್ನೆಟ್ಟೂ ಅಲುಗುತ್ತದೆ. ಲೇತ್ ಅಂಗಡಿಯಲ್ಲಿ ಹೊಸ ಬುಷ್ ಹಾಕಿಸುವುದು ದೊಡ್ಡ ಖರ್ಚಲ್ಲ. ಎಣ್ಣೆ ಹೀರುವ ರಂಧ್ರಮಯ ಕಂಚಿನ ಬುಷ್ ಸಿಕ್ಕರೆ ಅದನ್ನು ಹಿಂದಿನ ದಿನವೇ ಎಂಜಿನ್ ಆಯಿಲಿನಲ್ಲಿ ನೆನೆಹಾಕಿ, ಕೂರಿಸಿದ ಮೇಲೆ ಒಳಗಡೆ ರೀಮರ್ ಹೊಡೆಯದಂತೆ (ಕೆರೆದು ಅಗಲಿಸದಂತೆ) ಹೇಳಿ. ಹೊಡೆದರೆ ರಂಧ್ರಗಳು ಮುಚ್ಚಿಹೋಗಿ ಬುಷ್ ಒಣಗುತ್ತದೆ.

ಪಾಯಿಂಟ್ ಪ್ಲೇಟಿನ ಕೆಳಗೆ ಎರಡು ತೂಕಗಳೂ ಎರಡು ಸ್ಪ್ರಿಂಗುಗಳೂ ಇವೆ. ಆರ್‌ಪಿಎಂ ಏರಿದಂತೆ ಕಿಡಿಯನ್ನು ಮುಂಚಿತವಾಗಿ ಹಾರಿಸುವ ಅಡ್ವಾನ್ಸ್ ಅವುಗಳ ಕೆಲಸ. ರೋಟರನ್ನು ತಿರುಗುವ ದಿಕ್ಕಿನಲ್ಲಿ ತುಸು ತಿರುವಿ ಬಿಟ್ಟರೆ ಅದು ತಾನಾಗಿಯೇ ಹಿಂದಕ್ಕೆ ಬರಬೇಕು. ವರ್ಷವಿಡೀ ನಿಂತು ಎಳ್ಳಮಾವಾಸ್ಯೆಗೋ ಜಾತ್ರೆಗೋ ಹೊರಬರುವ ಗಾಡಿಗಳಲ್ಲಿ ಇದು ಜಂಗು ಹಿಡಿದು ಕಚ್ಚಿಕೊಂಡಿರುತ್ತದೆ. ಆಗ ಪೂರ್ತಿ ರೇಸಿನಲ್ಲಿ ಕಿಡಿ ತಡವಾಗಿ ಹಾರಿ, ಎಂಜಿನ್ ಬಿಸಿಯಾಗುತ್ತದೆಯೇ ಹೊರತು ಎಳೆಯುವುದಿಲ್ಲ. ಕಿಟ್ ಹಾಕಿದರೂ ಇದೇ ತೂಕ, ಇದೇ ಸ್ಪ್ರಿಂಗ್ ಉಳಿಯುತ್ತವೆ ಎಂಬುದನ್ನು ಗಮನಿಸಿ.

ಇಷ್ಟಾದ ಮೇಲೆ ಕಿಟ್. ಅದರ ನಿಜವಾದ ಲಾಭ ಶಕ್ತಿ ಹೆಚ್ಚುವುದಲ್ಲ. ಪಾಯಿಂಟ್ ಸುಡುವುದು, ಅದರ ಹಿಮ್ಮಡಿ (ತಿರುಗುವ ಶಾಫ್ಟಿಗೆ ಉಜ್ಜುವ ತುದಿ) ಸವೆದು ಗ್ಯಾಪ್ ಇಳಿಯುವುದು, ಪಾಯಿಂಟ್ ಸುಡದಂತೆ ಕಾಯುವ ಕಂಡೆನ್ಸರ್ ಕೈಕೊಡುವುದು, ಇವು ಮೂರೂ ತಪ್ಪುತ್ತವೆ. ಈಗ ಮಾರುಕಟ್ಟೆಯಲ್ಲಿ ಸಿಗುವ ಕಂಡೆನ್ಸರುಗಳ ಗುಣಮಟ್ಟ ನೋಡಿದರೆ ಈ ಒಂದೇ ಕಾರಣಕ್ಕೆ ಕಿಟ್ ಹಾಕಿಸಬಹುದು ಎನ್ನಿಸುತ್ತದೆ. ಕೊಳ್ಳುವಾಗ ಡಿಸ್ಟ್ರಿಬ್ಯೂಟರಿನ ಮೈಮೇಲಿನ ನಂಬರ್ ನೋಡಿಯೇ ಕೊಳ್ಳಿ, 12 ವೋಲ್ಟ್ ಮೈನಸ್ ಅರ್ತ್ ಎಂದು ಸ್ಪಷ್ಟವಾಗಿ ಹೇಳಿ. ತಂತಿ ಉಲ್ಟಾ ಆದರೆ ಮಾಡ್ಯೂಲ್ (ಕಿಟ್ಟಿನ ಎಲೆಕ್ಟ್ರಾನಿಕ್ ಭಾಗ) ಸತ್ತೇ ಹೋಗುತ್ತದೆ. ಕಾಯಿಲಿನ ಪ್ರೈಮರಿಯನ್ನು ಮೀಟರಿನಿಂದ ಅಳೆಯಿರಿ. ನಾಲ್ಕು ಸಿಲಿಂಡರಿನ ಸಾಮಾನ್ಯ ಕಿಟ್ಟುಗಳಿಗೆ 3 ಓಮ್ ಕಾಯಿಲ್ ಸುರಕ್ಷಿತ. ಬ್ಯಾಲಸ್ಟ್ (ಕರೆಂಟನ್ನು ತಗ್ಗಿಸುವ ರೆಸಿಸ್ಟರ್) ಇಲ್ಲದೆ 1.5 ಓಮಿನ ಕಾಯಿಲ್ ಕಟ್ಟಿದರೆ ಕರೆಂಟು 8 ಆಂಪಿಯರಿಗೆ ಹೋಗಿ ಕಾಯಿಲೂ ಮಾಡ್ಯೂಲೂ ಕುದಿಯುತ್ತವೆ. ತಾಮ್ರದ ಎಳೆಯ ಹಳೆಯ ಲೀಡುಗಳ ಜೊತೆ ಸಾದಾ ಪ್ಲಗ್ ಇದ್ದರೆ ಅವುಗಳಿಂದ ಏಳುವ ವಿದ್ಯುತ್ ಗದ್ದಲವೇ ಮಾಡ್ಯೂಲನ್ನು ದಾರಿ ತಪ್ಪಿಸಬಹುದು, ಆದ್ದರಿಂದ ರೆಸಿಸ್ಟರ್ ಇರುವ ಲೀಡನ್ನೋ ಪ್ಲಗ್ಗನ್ನೋ ಬಳಸಿ. ಪ್ಲಗ್ ಗ್ಯಾಪ್ 0.6ರಿಂದ 0.7 ಮಿ.ಮೀ. ಸಾಕು. ಸ್ಪರ್ಧೆಗೆಂದು ಹೆಡ್ಡಿನ ತಳವನ್ನು ತುಸು ಕೆರೆಸಿ ಕಂಪ್ರೆಷನ್ ಏರಿಸಿದ್ದರೆ 0.6ರಲ್ಲೇ ನಿಲ್ಲಿಸಿ.

ಕಿಟ್ ಹಾಕಿದ ಮೇಲೆ ಟೈಮಿಂಗ್ ಹೊಸದಾಗಿ ಕೂರಿಸಬೇಕು, ಏಕೆಂದರೆ ಪಾಯಿಂಟ್ ತೆರೆಯುತ್ತಿದ್ದ ಜಾಗವೂ ಸೆನ್ಸರ್ ಕಿಡಿ ಕೊಡುವ ಜಾಗವೂ ಒಂದೇ ಆಗಿರುವುದಿಲ್ಲ. ಟೈಮಿಂಗ್ ಲೈಟಿನಿಂದ ಐಡಲಿನಲ್ಲಷ್ಟೇ ಅಲ್ಲ, ಪೂರ್ತಿ ರೇಸಿನಲ್ಲಿಯೂ ನೋಡಿ. ಪೆಟ್ರೋಲ್ ಎಂಜಿನ್ನಿಗೂ ಸೀಮೆಎಣ್ಣೆ ಮಾದರಿಯ ಟಿಇಡಿ-20 ಎಂಜಿನ್ನಿಗೂ ಟೈಮಿಂಗ್ ಬೇರೆ ಬೇರೆ ಆದ್ದರಿಂದ ತಮ್ಮ ಮಾದರಿಯ ಕೈಪಿಡಿಯನ್ನೇ ಅನುಸರಿಸಿ. ಫೈರಿಂಗ್ ಆರ್ಡರ್ (ಸಿಲಿಂಡರುಗಳಲ್ಲಿ ಕಿಡಿ ಹಾರುವ ಸರದಿ) 1-3-4-2. ಅಂಬಾಸಡರ್ ಕೆಲಸ ಮಾಡಿದ ಯಾವ ಹಿರಿಯ ಮಿಸ್ತ್ರಿಗೂ ಅದು ಬಾಯಿಪಾಠ. ಇಂದಿನ ಟ್ರ್ಯಾಕ್ಟರ್ ಶೋರೂಮಿನ ಹುಡುಗರು ಡೀಸೆಲ್ ಬಿಟ್ಟು ಬೇರೆ ನೋಡಿದವರಲ್ಲ, ಡೀಸೆಲ್ಲಿಗೆ ಕಿಡಿಯೇ ಬೇಕಿಲ್ಲ, ಆದ್ದರಿಂದ ಕಾರು-ಜೀಪು ಮಿಸ್ತ್ರಿಯನ್ನೇ ಹುಡುಕಿ. ಸ್ಪೇರ್ ಪಾರ್ಟ್‌ಗಳಿಗೆ ನಮ್ಮ ಕಡೆಯವರಿಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ.

ಮ್ಯಾಗ್ನೆಟೊ ಬೇಡ ಎಂದೇ ನನ್ನ ಸಲಹೆ. ಅದರ ಕಿಡಿ ತಿರುಗುವ ವೇಗದ ಮೇಲೆ ನಿಂತಿದೆ. ಭಾರ ಎಳೆಯುವ ಸ್ಪರ್ಧೆಯಲ್ಲಿ ಎಂಜಿನ್ ಕೊನೆಯ ಹತ್ತಿಪ್ಪತ್ತು ಅಡಿಯಲ್ಲಿ ನರಳುತ್ತ ಆರ್‌ಪಿಎಂ ಇಳಿಯುವಾಗಲೇ ಅದೂ ಕುಗ್ಗುತ್ತದೆ. ಮ್ಯಾಗ್ನೆಟ್ ಚಾರ್ಜ್ ಮಾಡುವವರೂ ಆರ್ಮೇಚರ್ ಸುತ್ತುವವರೂ ಈಗ ಸಿಗುವುದು ಕಷ್ಟ.

ಬಿಸಿಲಿನ ಮಾತು ಒಂದಿಷ್ಟು. ನಮ್ಮ ಮೇ ತಿಂಗಳ ಬಿಸಿಲಿಗೆ ಎಂಜಿನ್ನಿನ ಕಾವೂ ಸೇರುವುದರಿಂದ ಕಾಯಿಲನ್ನು ಎಂಜಿನ್ ಬ್ಲಾಕಿನಿಂದ ದೂರ, ಗಾಳಿ ಆಡುವ ಜಾಗದಲ್ಲಿ ಕ್ಲಾಂಪ್ ಮಾಡಿಸಿ. ಎಂಜಿನ್ ನಿಂತಾಗ ಕೀಲಿ ಚಾಲೂ ಬಿಡಬೇಡಿ. ಟ್ರೇಲರ್ ಹುಕ್ಕಿಗೆ ವೆಲ್ಡಿಂಗ್ ಮಾಡಿಸುವ ಮುನ್ನ ಬ್ಯಾಟರಿಯ ಎರಡೂ ತಂತಿ ಬಿಚ್ಚಿ. ಎಂಜಿನ್ ಓಡುತ್ತಿರುವಾಗ ಮಾತ್ರ ಬ್ಯಾಟರಿ ಬಿಚ್ಚಬೇಡಿ, ಆಲ್ಟರ್ನೇಟರಿನ ವೋಲ್ಟೇಜ್ ಒಮ್ಮೆಲೇ ಜಿಗಿದು ಮಾಡ್ಯೂಲ್ ಹೋಗುತ್ತದೆ. ಬಿಚ್ಚಿದ ಪಾಯಿಂಟ್ ಪ್ಲೇಟನ್ನು ಕಂಡೆನ್ಸರ್ ಸಮೇತ ಟೂಲ್ ಬಾಕ್ಸಿನಲ್ಲಿ ಇಟ್ಟಿರಿ.

ತಾವು ಕೇಳದೆ ಇದ್ದರೂ ಒಂದು ವಿಷಯವನ್ನು ಸೇರಿಸುತ್ತೇನೆ. ಈ ಹಗುರ ಟ್ರ್ಯಾಕ್ಟರ್ ಅತಿ ಭಾರ ಎಳೆದಾಗ ಮುಂಭಾಗ ಎದ್ದು ಹಿಮ್ಮೊಗವಾಗಿ ಮಗುಚುವ ಅಪಾಯ ಇದೆ, ಕೀಲಿಗೆ ಕೈ ಹಾಕಲು ಆಗ ಪುರುಸೊತ್ತು ಸಿಗುವುದಿಲ್ಲ. ಹೇಗೂ ಇಗ್ನಿಷನ್ ತಂತಿ ಬಿಚ್ಚುತ್ತಿದ್ದೀರಿ, ಕಾಯಿಲಿನ ಪ್ಲಸ್ ತಂತಿಯಲ್ಲೇ ಎಳೆದರೆ ಕಡಿತವಾಗುವ ಸ್ವಿಚ್ಚೊಂದನ್ನು ಸೀಟಿನ ಹಿಂದೆ ಕೂರಿಸಿ, ಅದರ ಹಗ್ಗದ ಇನ್ನೊಂದು ತುದಿಯನ್ನು ಟ್ರೇಲರಿಗೆ ಕಟ್ಟಿಸಿ. ಅಮೆರಿಕದ ಟ್ರ್ಯಾಕ್ಟರ್ ಪುಲ್ಲಿಂಗ್ (ಭಾರ ಎಳೆಯುವ ಸ್ಪರ್ಧೆ) ಕಣಗಳಲ್ಲಿ ಇಂಥ ಹಗ್ಗವನ್ನು ಸ್ಲೆಡ್ಡಿಗೆ, ಅಂದರೆ ಎಳೆಯುವ ಭಾರದ ಬಂಡಿಗೆ, ಕಟ್ಟುವ ರೂಢಿ ಇದೆ; ಕೊಂಡಿ ಕಳಚಿ ಟ್ರ್ಯಾಕ್ಟರ್ ಬೇರ್ಪಟ್ಟರೆ ಅದು ಎಂಜಿನ್ ನಿಲ್ಲಿಸುತ್ತದೆ, ಆದರೆ ಮುಂಭಾಗ ಎದ್ದಾಗ ಹಗ್ಗ ತಾನಾಗಿಯೇ ಬಿಗಿಯಾಗುತ್ತದೆ ಎಂದು ನಂಬಬೇಡಿ. ಹಗ್ಗ ತಿರುವಿನಲ್ಲಿ ಬಿಗಿಯಾಗದಷ್ಟು ಸಡಿಲವಾಗಿರಲಿ, ಚಕ್ರಕ್ಕೆ ಸಿಗದಷ್ಟು ಗಿಡ್ಡವೂ ಇರಲಿ. ಎಂಜಿನ್ನನ್ನು ಐಡಲಿನಲ್ಲಿಟ್ಟು ಒಮ್ಮೆ ಕೈಯಿಂದ ಎಳೆದು, ಎಂಜಿನ್ ಕೂಡಲೇ ನಿಲ್ಲುತ್ತದೆಯೇ ಎಂದು ನೋಡಿದ ನಂತರವೇ ಟ್ರೇಲರಿಗೆ ಮರಳು ತುಂಬಿಸಿ.