ಗೆಲ್ಲೋ ಕುದುರೆ ಮತ್ತು ಮಗಳ ಮೊದಲ ಓಟು

ಯಳಂದೂರು ಕಡೆಯ ನಿವೃತ್ತ ಮೇಷ್ಟ್ರೊಬ್ಬರ ಪತ್ರ: “ಮಗಳಿಗೆ ಇದು ಮೊದಲ ಓಟು. ಠೇವಣಿಯೂ ಉಳಿಯದ ಪಕ್ಷೇತರನಿಗೇ ಹಾಕುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ ಅಂದರೆ ಕೇಳುವುದಿಲ್ಲ. ನಮ್ಮೂರ ಕಡೆ ಒಂದೇ ಓಟಿನಲ್ಲಿ ಸೋತವರಿದ್ದಾರೆ ಅಂತ ನೆನಪಿಸಿದೆ. ನೀವಾದರೂ ಬುದ್ಧಿ ಹೇಳಿ.”

ಮೇಷ್ಟ್ರೇ, ನಾನು ಮಗಳ ಕಡೆ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೇಸರವಾಗುವುದು ಬೇಡ.

ನೀವು ಹೇಳುವುದು 2004ರ ವಿಧಾನಸಭಾ ಚುನಾವಣೆಯ ಸಂತೇಮರಹಳ್ಳಿ ಕ್ಷೇತ್ರ. ಗೆದ್ದ ಆರ್. ಧ್ರುವನಾರಾಯಣರಿಗೆ 40,752 ಓಟು, ಸೋತ ಎ.ಆರ್. ಕೃಷ್ಣಮೂರ್ತಿಯವರಿಗೆ 40,751. ಆ ಲೆಕ್ಕ ಕೇಳಿದವರೆಲ್ಲ ‘ದೊಡ್ಡ ಇಬ್ಬರಲ್ಲಿ ಒಬ್ಬರಿಗೆ ಹಾಕಬೇಕಿತ್ತು’ ಎಂಬ ಪಾಠವನ್ನೇ ಕಲಿತರು. ಅಲ್ಲ ಸ್ವಾಮಿ, ಅವತ್ತು ಓಟು ಹಾಕದೆ ಮನೆಯಲ್ಲೇ ಕೂತವರನ್ನು ಬಿಟ್ಟು ಮೂರನೆಯವನಿಗೆ ಹಾಕಿದವನನ್ನೇ ಯಾಕೆ ಬೈಯಬೇಕು? ಮೂರನೆಯವನು ಕಣದಲ್ಲೇ ಇಲ್ಲದಿದ್ದರೆ ಆ ಓಟು ಯಾರ ಪಾಲಾಗುತ್ತಿತ್ತೋ, ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಆ ಕಥೆ ಅಲ್ಲಿಗೇ ಮುಗಿಯಲೂ ಇಲ್ಲ. ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಸಂತೇಮರಹಳ್ಳಿ ಕ್ಷೇತ್ರವೇ ಇಲ್ಲವಾಯಿತು, ನೀವೆಲ್ಲ ಕೊಳ್ಳೇಗಾಲಕ್ಕೆ ಸೇರಿದಿರಿ. ಅಲ್ಲಿ ಬಿಎಸ್‌ಪಿಯ ಎನ್. ಮಹೇಶ್ ಸೋಲುತ್ತಲೇ ನಿಲ್ಲುತ್ತಿದ್ದರು. ‘ಆನೆ ಗುರುತು ಇಲ್ಲಿ ಗೆಲ್ಲಲ್ಲ’ ಎನ್ನುವುದು ಟೀ ಅಂಗಡಿಯ ನಿತ್ಯದ ಮಾತು. 2018ರಲ್ಲಿ ಗೆದ್ದರು, ಅದೂ ಇದೇ ಕೃಷ್ಣಮೂರ್ತಿಯವರ ಎದುರು. ಜೆಡಿಎಸ್ ಮೈತ್ರಿಯ ಬಲವಿತ್ತು, ನಿಜ. ಆದರೆ ಹಿಂದಿನ ಸೋಲುಗಳಲ್ಲಿ ‘ದಂಡ’ವಾದ ಓಟುಗಳಿಲ್ಲದಿದ್ದರೆ ಮೈತ್ರಿಗೆ ಅವರನ್ನು ಯಾರು ಕರೆಯುತ್ತಿದ್ದರು?

ಮುಂದಿನದನ್ನು ಮುಚ್ಚಿಟ್ಟರೆ ಮಗಳಿಗೆ ಮೋಸವಾಗುತ್ತದೆ. 2019ರಲ್ಲಿ ಪಕ್ಷ ಮಹೇಶರನ್ನು ಹೊರಹಾಕಿತು, 2021ರಲ್ಲಿ ಅವರು ಬಿಜೆಪಿ ಸೇರಿದರು, 2023ರಲ್ಲಿ ಕೃಷ್ಣಮೂರ್ತಿಯವರೆದುರೇ ಸೋತರು. ಅಂತರ 59 ಸಾವಿರ ದಾಟಿತ್ತು. ಹಿಂದೆ ಒಂದೇ ಓಟಿನಿಂದ ಸೋತಿದ್ದ ಕೃಷ್ಣಮೂರ್ತಿಯವರ ಗೆಲುವು ಇದು! ಹಾಗಾಗಿ ಅವಳನ್ನು ಕೇಳಬೇಕಾದ ಪ್ರಶ್ನೆ ‘ಗೆಲ್ತಾನಾ?’ ಅಲ್ಲ. ಆ ಪಕ್ಷೇತರ ಹೋದ ಬೇಸಿಗೆಯಲ್ಲಿ ಕೊಳಾಯಿ ನಿಂತಾಗ ಎಲ್ಲಿದ್ದ? ಗ್ರಾಮಸಭೆಗೆ ಬಂದಿದ್ದನಾ, ಇಲ್ಲ ನಾಮಪತ್ರದ ದಿನವೇ ಮೊದಲ ದರ್ಶನವಾ? ಇದನ್ನು ವಿಚಾರಿಸದೆ ಬರೀ ಸಿಟ್ಟಿಗೆ ಹಾಕುವುದಾದರೆ ನಾನು ನಿಮ್ಮ ಕಡೆಗೆ ಬರುತ್ತೇನೆ.

ನಿಮಗೆ ಭಯವಿರುವುದು ನನಗೆ ಅರ್ಥವಾಗುತ್ತದೆ. ಒಬ್ಬ ಬಂದರೆ ಊರೇ ಕೆಡುತ್ತದೆ ಎಂದು ನಿಜಕ್ಕೂ ಅನಿಸಿದರೆ ಅವನನ್ನು ತಡೆಯಲು ಹಾಕುವ ಓಟೂ ಮನಸ್ಸಾಕ್ಷಿಯದೇ. ನನ್ನ ತಕರಾರು ‘ಹವಾ’ ನೋಡಿ ಹಾಕುವುದರ ಬಗ್ಗೆ. ಹವಾ ಎಬ್ಬಿಸುವವರು ಯಾರು? ಬಾಜಿ ಕಟ್ಟಿದವರು, ಬಾಡಿಗೆ ಜೀಪಿನ ಮೈಕು, ಕ್ಷೌರದಂಗಡಿಯಲ್ಲಿ ಪೇಪರು ಮಡಿಸುತ್ತಾ ‘ಅವನದು ಆಗೋಯ್ತು’ ಅನ್ನುವ ಆಸಾಮಿ. ‘ಎಲ್ಲರೂ ಹಾಕಿದರೆ ನಾನೂ ಹಾಕ್ತಿದ್ದೆ’ ಎಂದು ಪ್ರತಿಯೊಬ್ಬನೂ ಪಕ್ಕದವನ ಮುಖ ನೋಡುತ್ತಾ ಕೂತಿರುತ್ತಾನೆ.

ಮೇಷ್ಟ್ರಾಗಿ ನೀವು ವಿಧಾನಪರಿಷತ್ತಿನ ದಕ್ಷಿಣ ಶಿಕ್ಷಕರ ಕ್ಷೇತ್ರಕ್ಕೂ ಓಟು ಹಾಕಿದ್ದೀರಿ ತಾನೇ? ನೇರಳೆ ಬಣ್ಣದ ಸ್ಕೆಚ್ ಪೆನ್ನಿನಲ್ಲಿ ಇಷ್ಟದವರಿಗೆ 1, ಆಮೇಲಿನವರಿಗೆ 2 ಎಂದು ಬರೆದಿರಿ. ಒಂದನೆಯವರು ಕಣದಿಂದ ಹೊರಬಿದ್ದರೂ ನಿಮ್ಮ ಓಟು ಎರಡನೆಯವರಿಗೆ ಹೋಗುತ್ತದೆ. ವಿಧಾನಸಭೆಗೆ ಆ ಸೌಲಭ್ಯವಿಲ್ಲ, ಒಂದೇ ಗುಂಡಿ. ಈ ಅಪ್ಪ-ಮಗಳ ಜಗಳಕ್ಕೆ ಅರ್ಧ ಕಾರಣ ಆ ಗುಂಡಿಯೇ.

ಹಿಂದೊಮ್ಮೆ ಸೋತ ಅಭ್ಯರ್ಥಿಯೊಬ್ಬರ ಮನೆಗೆ ಹೋಗಿದ್ದೆ. ಊಟದ ತಟ್ಟೆ ಪಕ್ಕಕ್ಕಿಟ್ಟು ಫಾರ್ಮ್ 20 ಹರಡಿಕೊಂಡು ಕೂತಿದ್ದರು. ಯಾವ ಮತಗಟ್ಟೆಯಲ್ಲಿ ಯಾರಿಗೆ ಎಷ್ಟು ಬಿತ್ತು ಎಂಬ ಪಟ್ಟಿ ಅದು. ಗೆದ್ದವರ ಕಾಲಂ ಕಡೆ ಕಣ್ಣೂ ಹಾಯಿಸದೆ, ಮೂರನೇ ಸ್ಥಾನದವನಿಗೆ 60, 70 ಬಿದ್ದ ಕಡೆಯೆಲ್ಲ ಕೆಂಪು ಗೀಟು ಎಳೆಯುತ್ತಿದ್ದರು. “ಮುಂದಿನ ಸಲ ಮೊದಲು ಹೋಗಬೇಕಾದ್ದು ಈ ಊರುಗಳಿಗೇ” ಅಂದರು.

ಫಲಿತಾಂಶ ಬಂದ ಮೇಲೆ ನಿಮ್ಮ ಮತಗಟ್ಟೆಯ ಸಾಲನ್ನು ಅಪ್ಪ-ಮಗಳು ಒಟ್ಟಿಗೆ ಕೂತು ನೋಡಿ. ಆ ಪಕ್ಷೇತರನಿಗೆ ಎಷ್ಟು ಬಿದ್ದಿದೆ ಅಂತ ಒಂದು ಕಾರ್ಡು ಹಾಕಿ. ಈ ಸಲ ಪತ್ರ ಮಗಳೇ ಬರೆಯಲಿ.

— ಸಂ.