ನಿಮ್ಮ ಹದಿನಾಲ್ಕು ಕವಿಗಳ ಬಗ್ಗೆ

ನಮಸ್ಕಾರ.

‘ನನ್ನ ಮೆಚ್ಚಿನ ಕವಿಗಳು, ಗೀತರಚನಕಾರರು’ ಲೇಖನ ತಲುಪಿತು. ಎರಡು ಸಲ ಓದಿದೆ. ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಇದರೊಳಗೆ ಒಂದು ಒಳ್ಳೆಯ ಬರಹ ಇದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

14 ಜನರನ್ನು ತಂದು ಕೂರಿಸಿದ್ದೀರಿ. ಒಬ್ಬೊಬ್ಬರಿಗೂ ನಾಲ್ಕೇ ಸಾಲು. ‘ಅದ್ಭುತ’ 9 ಸಲ ಬಂದಿದೆ. ಬೇಂದ್ರೆಯವರ ಮೇಲಿನ ನಾಲ್ಕು ಸಾಲನ್ನು ತೆಗೆದು ಜಿ.ಎಸ್. ಶಿವರುದ್ರಪ್ಪನವರ ಹೆಸರಿನ ಕೆಳಗೆ ಇಟ್ಟು ನೋಡಿದೆ. ಏನೂ ವ್ಯತ್ಯಾಸ ಕಾಣಲಿಲ್ಲ. ಒಬ್ಬ ಕವಿಯನ್ನು ಓದಿ ಅಂತ ಹೇಳುವವರು ಒಂದು ಕವಿತೆಯನ್ನಾದರೂ ಬಿಡಿಸಿ ತೋರಿಸಬೇಕು ಅಲ್ವಾ?

ಬೇಂದ್ರೆಯವರ ‘ನೀ ಹೀಂಗ ನೋಡಬ್ಯಾಡ ನನ್ನ’ ಹಾಡನ್ನು ‘ಪ್ರೀತಿಯಲ್ಲಿ ಬಿದ್ದವರು ಕೇಳಲೇಬೇಕು’ ಎಂದು ಬರೆದಿದ್ದೀರಿ. ಇದು ತಪ್ಪು. ಮಗುವನ್ನು ಕಳೆದುಕೊಂಡ ಹೊತ್ತಿನಲ್ಲಿ ಹೆಂಡತಿಯ ಕಣ್ಣು ನೋಡಲಾರದೆ ಗಂಡ ಆಡುವ ಮಾತು ಅದು. ಬೇಂದ್ರೆ ಮಕ್ಕಳ ಸಾವನ್ನು ಕಂಡವರು. ಆ ಕವಿತೆಯಲ್ಲಿ ಹೆಂಡತಿಯ ಕಣ್ಣೊಳಗೆ ಮಳೆ ಕಾಲೂರಿ ನಿಂತಿದೆ, ನಡುನಡುವೆ ಹುಚ್ಚು ನಗು ಬರುತ್ತದೆ. ಹುಣ್ಣಿಮೆ ಚಂದ್ರನ ಹೆಣ ಹಗಲು ಹೊತ್ತಿನಲ್ಲಿ ಮುಗಿಲಲ್ಲಿ ತೇಲಿ ಬರುತ್ತದೆ. ‘ಹೆಣ’ ಎಂಬ ಮಾತನ್ನೇ ಕವಿ ಇಟ್ಟಿದ್ದಾರೆ. ರಾಗದಲ್ಲಿ ಕೇಳುವಾಗ ಅದು ಕಿವಿಯಿಂದ ಜಾರಿಹೋಗುತ್ತದೆ. ಎಷ್ಟೋ ಜನಕ್ಕೆ ಹಾಗಾಗಿದೆ. ಆದ್ದರಿಂದ ಯಾವ ಹಾಡಿನ ಬಗ್ಗೆ ಬರೆಯುವ ಮೊದಲೂ ರಾಗ ಬಿಟ್ಟು ಒಂದು ಸಲ ಗಟ್ಟಿಯಾಗಿ ಓದಿಕೊಳ್ಳಿ. ನಾನು ಇವತ್ತಿಗೂ ಹಾಗೇ ಮಾಡುತ್ತೇನೆ.

ಇನ್ನು ಹೆಸರುಗಳು. ‘ಅಶ್ವತ್ಥರ ಕಾಣದ ಕಡಲಿಗೆ’, ‘ಸುಬ್ಬಣ್ಣನವರ ಕಾಡು ಕುದುರೆ’ ಎಂದೆಲ್ಲ ಹಾಡಿದವರ ಹೆಸರಲ್ಲಿ ಬರೆದಿದ್ದೀರಿ. ಮೊದಲನೆಯದು ಶಿವರುದ್ರಪ್ಪನವರ ಕವಿತೆ, ಎರಡನೆಯದು ಚಂದ್ರಶೇಖರ ಕಂಬಾರರದು. ಅದನ್ನು ಹಾಡಿ ಶಿವಮೊಗ್ಗ ಸುಬ್ಬಣ್ಣ ರಾಷ್ಟ್ರಪ್ರಶಸ್ತಿ ತಂದರು, ಆ ಹೆಮ್ಮೆ ನನಗೂ ಇದೆ. ಆದರೆ ನಿಮ್ಮ ಲೇಖನ ಇರುವುದೇ ಬರೆದವರ ಬಗ್ಗೆ. ಇಲ್ಲೂ ಅವರ ಹೆಸರು ಬಿಟ್ಟುಹೋದರೆ ಹೇಗೆ? ‘ಮೂಡಲ ಮನೆಯ’ ಕೂಡ ಹಾಗೆಯೇ. 1967ರ ‘ಬೆಳ್ಳಿ ಮೋಡ’ ಚಿತ್ರದ ಹಾಡು ಎಂದಷ್ಟೇ ಹೇಳಿ ಮುಂದೆ ಹೋಗಿದ್ದೀರಿ. ಅದು ಬೇಂದ್ರೆಯವರ ‘ಬೆಳಗು’. ಸಿನಿಮಾಕ್ಕೆ ಬರುವ ಎಷ್ಟೋ ವರ್ಷ ಮೊದಲೇ ಜನ ಓದುತ್ತಿದ್ದ ಕವಿತೆ.

ಜಯಂತ ಕಾಯ್ಕಿಣಿಯವರ ಬಗ್ಗೆ ‘ಮುಂಗಾರು ಮಳೆ’ ಬಿಟ್ಟು ಬೇರೆ ಮಾತಿಲ್ಲ. ಆ ಚಿತ್ರ ಬಂದದ್ದು 2006ರಲ್ಲಿ. ಅವರ ಮೊದಲ ಕವನ ಸಂಕಲನ ‘ರಂಗದಿಂದೊಂದಿಷ್ಟು ದೂರ’ ಬಂದದ್ದು 1974ರಲ್ಲಿ. ಹಾಡು ಗೊತ್ತಿರುವ ಓದುಗರನ್ನು ಆ ಪುಸ್ತಕದ ತನಕ ಕರೆದುಕೊಂಡು ಹೋಗಿದ್ದರೆ ಅದು ನಿಜವಾದ ಶಿಫಾರಸು. ಶಿಶುನಾಳ ಶರೀಫರ ‘ಕೋಡಗನ ಕೋಳಿ ನುಂಗಿತ್ತ’ ಹಾಡಿನ ಹತ್ತಿರ ‘ಕೋಡಗ’ ಅಂದರೆ ಕೋತಿ ಎಂದು ಒಂದು ಮಾತು ಸೇರಿಸಿ. ಹಾಡು ಬಾಯಿಗೆ ಬರುವ ಎಷ್ಟೋ ಹುಡುಗರಿಗೆ ಕೋಳಿ ನುಂಗಿದ್ದು ಏನನ್ನು ಅಂತ ಗೊತ್ತಿಲ್ಲ.

ಈಗ ನನಗೆ ತುಂಬ ಇಷ್ಟವಾದ ಭಾಗಕ್ಕೆ ಬರುತ್ತೇನೆ. ನಾಲ್ಕನೇ ಪುಟದಲ್ಲಿ, ಕೆ.ಎಸ್. ನರಸಿಂಹಸ್ವಾಮಿಯವರ ಹೆಸರಿನ ಕೆಳಗೆ, ಒಂದೇ ಒಂದು ವಾಕ್ಯ ಇದೆ. ಉಂಗುರ ಅಡವಿಟ್ಟಿದ್ದ ವರ್ಷ ‘ಅಕ್ಕಿ ಆರಿಸುವಾಗ’ ಹಾಡು ಬಂದರೆ ಅಮ್ಮ ‘ಇದು ನನ್ನ ಬೆರಳೇ ಕಣೋ’ ಅನ್ನುತ್ತಿದ್ದರು ಎಂದು ಬರೆದಿದ್ದೀರಿ. ಅಲ್ಲಿಗೆ ಬಿಟ್ಟು ಮುಂದಿನ ಕವಿಗೆ ಹೋಗಿಬಿಟ್ಟಿದ್ದೀರಿ! ನಾನು ಅಲ್ಲೇ ನಿಂತೆ. ನುಚ್ಚಿನ ನಡುವೆ ಓಡಾಡುವ ಬಂಗಾರವಿಲ್ಲದ ಬೆರಳು, ಕೊರಳಲ್ಲಿ ಬರೀ ಕರಿಮಣಿ, ಕಲ್ಲು ಆರಿಸಿ ಎಸೆದಾಗ ಝಲ್ಲೆನ್ನುವ ಬಳೆ. ಕವಿ ಇಷ್ಟೇ ಹೇಳುತ್ತಾರೆ. ಬಡತನ ಎಂಬ ಮಾತು ಬೇಕಾಗುವುದೇ ಇಲ್ಲ. ಅದನ್ನು ನಿಮ್ಮ ಅಮ್ಮ ಒಂದೇ ಸಲಕ್ಕೆ ಹಿಡಿದರು. ಈ ಕವಿತೆಯನ್ನು ಯಾಕೆ ಓದಬೇಕು ಅನ್ನುವುದಕ್ಕೆ ಇದಕ್ಕಿಂತ ಜಾಸ್ತಿ ಏನು ಬೇಕು?

ಆದ್ದರಿಂದ 11 ಜನರನ್ನು ಸದ್ಯಕ್ಕೆ ಪಕ್ಕಕ್ಕಿಡಿ. ನರಸಿಂಹಸ್ವಾಮಿ, ಬೇಂದ್ರೆ, ಕಾಯ್ಕಿಣಿ ಇರಲಿ. ನರಸಿಂಹಸ್ವಾಮಿಯವರಿಗೆ ಅರ್ಧ ಲೇಖನ ಕೊಡಿ. 1942ರ ‘ಮೈಸೂರು ಮಲ್ಲಿಗೆ’ ಎಲ್ಲರಿಗೂ ಗೊತ್ತು, ಅದನ್ನು ಎರಡು ಸಾಲಿನಲ್ಲಿ ಮುಗಿಸಿ. ಅವರ ‘ಶಿಲಾಲತೆ’, ‘ತೆರೆದ ಬಾಗಿಲು’ ಸಂಕಲನಗಳನ್ನು ಓದಿಲ್ಲದಿದ್ದರೆ ಬರೆಯುವ ಮೊದಲು ಓದಿ. ಸಂಸಾರದ ಅದೇ ಕವಿ ಅಲ್ಲಿ ಬೇರೆ ದನಿಯಲ್ಲಿ ಮಾತಾಡುತ್ತಾರೆ.

800 ಪದ ಸಾಕು. ತಿಂಗಳ ಕೊನೆಯೊಳಗೆ ಕಳಿಸಿದರೆ ನಾನೇ ಓದುತ್ತೇನೆ. ಅಷ್ಟರಲ್ಲಿ ಅಮ್ಮನ ಹತ್ತಿರ ಕೂತು ಕೇಳಿಕೊಳ್ಳಿ: ಆ ಹಾಡು ಬರುತ್ತಿದ್ದದ್ದು ರೇಡಿಯೋದಲ್ಲೋ, ಕ್ಯಾಸೆಟ್ಟಿನಲ್ಲೋ? ಉಂಗುರ ಮತ್ತೆ ಮನೆಗೆ ಬಂತಾ?