ಪ್ಲೇಟ್‌ಲೆಟ್ ಇಳಿದಿದ್ದೆಲ್ಲ ಡೆಂಗಿಯಲ್ಲ

ಹಾವೇರಿ ಕಡೆಯ ಓದುಗರೊಬ್ಬರ ಪತ್ರ: ‘ತಂಗಿಯ ನಾಲ್ಕು ವರ್ಷದ ಮಗಳಿಗೆ ಬಿಟ್ಟು ಬಿಟ್ಟು ಜ್ವರ, ಕಾಲುನೋವು. ಮೊದಲು ಡೆಂಗಿ ಎಂದರು. ಆಮೇಲೆ ಕೀಲುವಾತ ಎಂದು ಮಾತ್ರೆ ಕೊಟ್ಟರು. ವಾಸಿಯಾದಂತಾಗಿ ಮತ್ತೆ ಶುರುವಾಯಿತು. ಎರಡು ತಿಂಗಳ ಮೇಲೆ ರಕ್ತದ ಕ್ಯಾನ್ಸರ್ ಎಂದರು. ಎರಡು ಸಲ ರಕ್ತಪರೀಕ್ಷೆ ಮಾಡಿಸಿದ್ದೆವು, ಅದರಲ್ಲೇಕೆ ಕಾಣಲಿಲ್ಲ? ತಡವಾಗಿದ್ದಕ್ಕೆ ಮಗು ಕೈತಪ್ಪುತ್ತದೆಯೇ?’

ಸಂಪಾದಕರ ಉತ್ತರ:

ಸಾಮಾನ್ಯ ರಕ್ತಪರೀಕ್ಷೆಯಾದ ಸಿಬಿಸಿಯ (ರಕ್ತಕಣಗಳ ಎಣಿಕೆಯ) ಯಂತ್ರ ಕಣಗಳನ್ನು ಎಣಿಸುತ್ತದೆ, ಗುರುತಿಸುವುದರಲ್ಲಿ ಎಡವುತ್ತದೆ. ಕ್ಯಾನ್ಸರಿನ ಬ್ಲಾಸ್ಟ್ ಕಣಗಳನ್ನು (ಬಲಿಯದ ರಕ್ತಕಣಗಳನ್ನು) ಎಷ್ಟೋ ಸಲ ಲಿಂಫೋಸೈಟ್ ಎಂಬ ಮಾಮೂಲಿ ಬಿಳಿರಕ್ತಕಣಗಳ ಲೆಕ್ಕಕ್ಕೆ ಸೇರಿಸಿಬಿಡುತ್ತದೆ. ಗಾಜಿನ ಮೇಲೆ ರಕ್ತ ಸವರಿ ಪೆಥಾಲಜಿಸ್ಟ್ ಕಣ್ಣಾರೆ ನೋಡುವ ಪೆರಿಫೆರಲ್ ಸ್ಮಿಯರ್ ಬೇರೆಯೇ ಪರೀಕ್ಷೆ. ಚೀಟಿಯಲ್ಲಿ ಅದನ್ನು ಬರೆಯದಿದ್ದರೆ ಸಣ್ಣ ಲ್ಯಾಬಿನಲ್ಲಿ ಯಾರೂ ಮಾಡುವುದಿಲ್ಲ. ಬ್ಲಾಸ್ಟ್‌ಗಳು ಇನ್ನೂ ಮೂಳೆಮಜ್ಜೆಯಲ್ಲೇ ಇದ್ದರೆ ಸ್ಮಿಯರಿನಲ್ಲೂ ಸಿಗದಿರಬಹುದು. ಅನುಮಾನ ಉಳಿದರೆ ಮಜ್ಜೆಯನ್ನೇ ತೆಗೆದು ನೋಡಬೇಕು.

ಹಾಗಿದ್ದರೂ ಎರಡು ರಿಪೋರ್ಟುಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಸುಳಿವು ಸಿಗುತ್ತದೆ. ಡೆಂಗಿಯಲ್ಲಿ ಜ್ವರ ಬಿಡುವ ಹೊತ್ತಿಗೆ ಪ್ಲೇಟ್‌ಲೆಟ್ ಬೀಳುತ್ತದೆ, ರಕ್ತ ಗಟ್ಟಿಯಾಗಿ ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಪಾಲು) ಏರಬಹುದು, ಸಾಮಾನ್ಯವಾಗಿ ವಾರದೊಳಗೆ ಪ್ಲೇಟ್‌ಲೆಟ್ ಮೇಲೆ ಬರುತ್ತದೆ. ಎರಡು ವಾರವಾದರೂ 1.5 ಲಕ್ಷ ಮುಟ್ಟದಿದ್ದರೆ, ಜೊತೆಗೆ ಹಿಮೋಗ್ಲೋಬಿನ್ ಕೂಡ ಇಳಿಯುತ್ತಿದ್ದರೆ, ಡೆಂಗಿಯನ್ನು ದೂರಿ ಪ್ರಯೋಜನವಿಲ್ಲ. ಹಿಮೋಗ್ಲೋಬಿನ್ 8 ಕಂಡೊಡನೆ ಟಾನಿಕ್ ಬರೆಯುವುದು ನಮ್ಮಲ್ಲಿ ರೂಢಿ. ಆದರೆ ಬರೀ ಕಬ್ಬಿಣದ ಕೊರತೆಯಲ್ಲಿ ಪ್ಲೇಟ್‌ಲೆಟ್ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ, ಕೆಲವೊಮ್ಮೆ ಜಾಸ್ತಿಯೇ. ಕೀಲುವಾತದ ಊತದಲ್ಲೂ ಅಷ್ಟೇ, ಅದು ಏರುವುದೇ ಹೆಚ್ಚು. ಕೀಲು ನೋಯುತ್ತಿರುವ ಮಗುವಿನಲ್ಲಿ ಪ್ಲೇಟ್‌ಲೆಟ್ ಕಡಿಮೆಯಿದ್ದರೆ ವೈದ್ಯರು ಅಲ್ಲೇ ನಿಂತು ಯೋಚಿಸಬೇಕಿತ್ತು. ಮಕ್ಕಳ ಕಾಲುನೋವಿಗೆ ಜನ ಹೇಳುವ ‘ಬೆಳೆಯುವ ನೋವು’ ಸಂಜೆ, ರಾತ್ರಿ ಎರಡೂ ಕಾಲಿಗೆ ಬಂದು ಬೆಳಿಗ್ಗೆ ಮಾಯವಾಗುತ್ತದೆ. ಹಗಲೂ ಕುಂಟುವ, ನಡೆಯಲೊಲ್ಲದೆ ಎತ್ತಿಕೋ ಎನ್ನುವ ಮಗುವಿಗೆ ಆ ಹೆಸರು ಹೊಂದುವುದಿಲ್ಲ.

ನಮ್ಮ ಮಟ್ಟಿಗೆ ಕಳೆದ ವಾರಗಳಿಗಿಂತ ದೊಡ್ಡ ತೊಡಕು ಕೀಲುವಾತಕ್ಕೆಂದು ಕೊಟ್ಟ ಆ ಮಾತ್ರೆ, ಅದು ಸ್ಟೀರಾಯ್ಡ್ ಆಗಿದ್ದರೆ. ಪ್ರೆಡ್ನಿಸೋಲೋನ್, ಡೆಕ್ಸಾಮೆಥಾಸೋನ್‌ನಂಥ ಸ್ಟೀರಾಯ್ಡ್‌ಗಳು ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಎಂಬ ಮಕ್ಕಳ ರಕ್ತದ ಕ್ಯಾನ್ಸರಿಗೇ ಕೊಡುವ ಔಷಧಗಳು. ಬೇರೆ ಕಾಯಿಲೆಗೆಂದು ಕೊಟ್ಟರೂ ಬ್ಲಾಸ್ಟ್‌ಗಳು ಸಾಯುತ್ತವೆ, ಜ್ವರ ನೋವು ಎರಡೂ ಇಳಿಯುತ್ತವೆ, ಮಜ್ಜೆಯ ಪರೀಕ್ಷೆಯೂ ದಾರಿ ತಪ್ಪಿಸಬಹುದು. ಅಷ್ಟೇ ಅಲ್ಲ, ಚಿಕಿತ್ಸೆಯ ತೀವ್ರತೆ ನಿರ್ಧರಿಸಲು ಮೊದಲ ಬಿಳಿರಕ್ತಕಣದ ಸಂಖ್ಯೆ ಬೇಕು (50,000 ದಾಟಿದೆಯೇ ಎಂಬುದು ಒಂದು ಮುಖ್ಯ ಗೆರೆ). ಸ್ಟೀರಾಯ್ಡ್ ಅದನ್ನೇ ಅಳಿಸಿಬಿಡುತ್ತದೆ. ಮೆಡಿಕಲ್ ಶಾಪಿನವರು ಚೀಟಿಯಿಲ್ಲದೆ ಇವನ್ನು ಕೊಡುವುದು ಹೊಸತೇನಲ್ಲ.

ಎರಡನೆಯ ಪ್ರಶ್ನೆಗೆ: ಕೆಲವು ವಾರ ತಡವಾದ ಮಾತ್ರಕ್ಕೆ ಆಸೆ ಬಿಡಬೇಕಿಲ್ಲ. ಮಗುವಿಗೆ ಬಂದಿರುವುದು ಲಿಂಫೋಬ್ಲಾಸ್ಟಿಕ್ ಬಗೆಯಾದರೆ, ಪೂರ್ತಿ ಚಿಕಿತ್ಸೆ ಪಡೆದ ಮಕ್ಕಳಲ್ಲಿ ಹೆಚ್ಚಿನವರು ಗುಣವಾಗುತ್ತಾರೆ. ಅದು ಎರಡು ಮೂರು ವರ್ಷದ ಚಿಕಿತ್ಸೆ, ನಡುವೆ ಬಿಡುವಂತಿಲ್ಲ. ಕ್ಯಾನ್ಸರ್ ಕಣಗಳ ಜೀನ್ ದೋಷ ಯಾವುದು, ಚಿಕಿತ್ಸೆಯ ಮೊದಲ ತಿಂಗಳ ಕೊನೆಗೆ ಮಜ್ಜೆಯಲ್ಲಿ ಆ ಕಣಗಳು ಎಷ್ಟು ಉಳಿದಿವೆ ಎಂಬುದರ ಮೇಲೆ ಮುಂದಿನದು ನಿಂತಿದೆ.

ಕಿದ್ವಾಯಿಗೋ ಬೇರೆ ಕ್ಯಾನ್ಸರ್ ಆಸ್ಪತ್ರೆಗೋ ಹೋಗುವಾಗ ಹಳೆಯ ರಿಪೋರ್ಟುಗಳನ್ನೆಲ್ಲ ತಾರೀಖಿನಂತೆ ಜೋಡಿಸಿ ಒಯ್ಯಿರಿ. ಮಾತ್ರೆಯ ಖಾಲಿ ಪಟ್ಟಿಯೂ ಇರಲಿ; ಎಷ್ಟು ದಿನ, ದಿನಕ್ಕೆಷ್ಟು ಎಂದು ಬರೆದುಕೊಡಿ. ಕೇಳದಿದ್ದರೂ ನೀವೇ ಹೇಳಿ.